ಅತ್ತೆಯ ಉಪ್ಸಾರು ಖಾರಕ್ಕೆ ನಾಲ್ಕು ದೇಶಗಳ ಸವಾಲು

ನಮ್ಮ ಮಂಡ್ಯದ ಕಡೆ ಪ್ರತಿ ಮನೆಯಲ್ಲೂ ಒಂದು ನಂಬಿಕೆಯಿದೆ: ತಮ್ಮ ಮನೆಯ ಉಪ್ಸಾರು ಖಾರವನ್ನು ಮೀರಿಸುವ ಖಾರ ಭೂಮಿಯ ಮೇಲಿಲ್ಲ. ಆಧಾರವೇನು ಎಂದು ಕೇಳಿದರೆ ಆಧಾರವನ್ನೇ ತಟ್ಟೆಯ ಅಂಚಿಗೆ ಬಡಿಸುತ್ತಾರೆ. ಸುಟ್ಟ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಉಪ್ಪು ಸೇರಿಸಿ ಒರಳಲ್ಲಿ ಅರೆದ, ಗೋಲಿಗಾತ್ರದ ಹಸಿರು ಉಂಡೆ. ತಿಂದವರು ಮುಂದಿನ ಪ್ರಶ್ನೆ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಇದು ಎದುರಾಳಿಯ ಬಾಯಿ ಮುಚ್ಚಿಸುವುದಾಯಿತೇ ಹೊರತು ವಾದ ಗೆದ್ದಂತಲ್ಲ ಎಂಬುದು ನನ್ನ ಹಳೆಯ ತಕರಾರು.

ತಕರಾರು ನನ್ನ ಕಸುಬು. ಕಾಲೇಜಿನ ಚರ್ಚಾ ತಂಡದಲ್ಲಿದ್ದವಳು ನಾನು. ಕೊನೆಯ ವರ್ಷ ಮಂಗಳೂರಿನ ಸ್ಪರ್ಧೆಗೆ ನಮ್ಮ ತಂಡ ಆಯ್ಕೆಯಾದಾಗ ಅಪ್ಪ ಒಂದೇ ಮಾತಿನಲ್ಲಿ ಬೇಡ ಅಂದರು. "ಬ್ಯಾಂಕ್ ಪರೀಕ್ಷೆ ಕೋಚಿಂಗಿಗೆ ಸೇರ್ಕೊ. ಮಾತಾಡಿ ಹೊಟ್ಟೆ ತುಂಬಿಸ್ಕೊಂಡೋರು ನಮ್ಮ ವಂಶದಲ್ಲಿ ಯಾರೂ ಇಲ್ಲ." ನಾನು ಪರ, ವಿರೋಧ ಎರಡೂ ಕಡೆಯಿಂದ ವಾದಿಸಿ ಎರಡೂ ಕಡೆ ಸೋತೆ.

ಅಪ್ಪನ ಮೇಲೆ ನಡೆಯುವುದು ಒಬ್ಬರದೇ ಮಾತು, ಮಳವಳ್ಳಿಯಲ್ಲಿರುವ ಅವರ ಅಕ್ಕನದು. ನನ್ನ ಅತ್ತೆ ಫೋನಿನಲ್ಲಿ "ಲೇ" ಅಂದರೆ ಸಾಕು, ಕಚೇರಿಯಲ್ಲಿ ಎಲ್ಲರನ್ನೂ ಗದರಿಸುವ ಅಪ್ಪ ಕುರ್ಚಿಯಿಂದ ಎದ್ದು ನಿಂತು ಮಾತಾಡುತ್ತಾರೆ. ಹಾಗಾಗಿ ಒಂದು ಭಾನುವಾರ ಮಂಡ್ಯದಿಂದ ಬಸ್ಸು ಹತ್ತಿದೆ. ಕೈಯಲ್ಲಿ ಅತ್ತೆಗೊಂದು ಕಾಣಿಕೆ: ತಂಡದ ಗೆಳತಿಯರು ನನ್ನ ಹುಟ್ಟುಹಬ್ಬಕ್ಕೆ ಕೊಟ್ಟಿದ್ದ ಡಬ್ಬಿ, ಅದರೊಳಗೆ ನಾಲ್ಕು ದೇಶದ ಖಾರ ಪುಟ್ಟ ಪುಟ್ಟ ಸೀಸೆಗಳಲ್ಲಿ.

ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ವಡೆ ಕೊಂಡು ಅದರ ಮೇಲೆ ಪರೀಕ್ಷೆ ನಡೆಸಿದೆ. ಥಾಯ್ಲೆಂಡಿನ ಸಿರಾಚಾ ಬೆಳ್ಳುಳ್ಳಿ ಬೆರೆತ ಸಿಹಿ ಮಾತಿನವಳು. ಕೊರಿಯಾದ ಗೊಚುಜಾಂಗ್ ಹುಳಿ ಬಂದ ಹಿಟ್ಟಿಗೆ ಬೆಲ್ಲ ಕಲಸಿ ಕೋಪ ಬರಿಸಿದಂತೆ. ಟ್ಯುನೀಸಿಯಾದ ಹರಿಸ್ಸಾದಲ್ಲಿ ಜೀರಿಗೆ, ಕೊತ್ತಂಬರಿ ಬೀಜ. ನಮ್ಮ ಸಾರಿನ ಪುಡಿಗೆ ದೂರದ ನೆಂಟ ಅನ್ನಬಹುದು. ಕೊನೆಗೆ ಮೆಕ್ಸಿಕೋದ ಹಬನೇರೋ ಮೆಣಸಿನಕಾಯಿಯ ಖಾರ. ಮೊದಲು ಹಣ್ಣಿನ ಪರಿಮಳ ಬಂತು, ಆಮೇಲೆ ನನಗೆ ನಾಲಿಗೆ ಇರುವುದೇ ಮರೆತುಹೋಯಿತು. ಪಕ್ಕದಲ್ಲಿ ನಿಂತಿದ್ದ ಅಜ್ಜನ ನೀರಿನ ಬಾಟಲಿಯನ್ನು ಕೇಳದೆಯೇ ಕಿತ್ತುಕೊಂಡು ಕುಡಿದೆ. ಅಜ್ಜ ಮುಚ್ಚಳವನ್ನೂ ನನಗೇ ಕೊಟ್ಟರು.

ಅತ್ತೆ ವಿಷಯ ಕೇಳಿದವಳೇ ಸೊಂಟಕ್ಕೆ ಕೈಯಿಟ್ಟಳು. "ಬ್ಯಾಂಕ್ ಕೆಲ್ಸ ಬುಟ್ಟು ಬಾಯ್ ಬಡ್ಕೊಳಕ್ಕೆ ಮಂಗ್ಳೂರ್ಗೋಯ್ತೀಯಾ?"

"ಬಾಯಿ ಬಡ್ಕೊಳೋದಲ್ಲ ಅತ್ತೆ, ಸಾಬೀತು ಮಾಡೋದು."

"ಏನ್ ಬೇಕಾದ್ರೂ ಮಾಡ್ತೀಯಾ?"

"ಏನ್ ಬೇಕಾದ್ರೂ."

ಅತ್ತೆ ಸೀಸೆಗಳ ಕಡೆ ಗಲ್ಲ ಎತ್ತಿ ತೋರಿಸಿದಳು. "ಅಂಗಾದ್ರೆ ನನ್ ಖಾರಕ್ಕಿಂತ ಇದು ಜಾಸ್ತಿ ಅಂತ ಸಾಬೀತು ಮಾಡು. ನಿಮ್ಮಪ್ಪಂಗೆ ಫೋನ್ ಮಾಡ್ತೀನಿ. ಸೋತ್ರೆ ತೆಪ್ಪಗೆ ಕೋಚಿಂಗ್ ಸೇರ್ಕೊ."

ಗೆದ್ದೆನೆಂದೇ ಕುಣಿದಾಡಿದೆ. ಮದ್ದೂರಿನ ವಡೆ ನನ್ನ ಸಾಕ್ಷಿಯಾಗಿತ್ತಲ್ಲ!

ಮಧ್ಯಾಹ್ನ ಮುದ್ದೆ, ಉಪ್ಸಾರು. ಅತ್ತೆ ಮತ್ತು ಮಾವ ತೀರ್ಪುಗಾರರಾಗಿ ಚಕ್ಕಳಮಕ್ಕಳ ಹಾಕಿ ಕುಳಿತರು. ಮಾವ ಮುದ್ದೆ ಮುರಿದು, ಗುಳಿ ಮಾಡಿ, ಗುಳಿಯ ತುಂಬ ಹಬನೇರೋ ಸುರಿದುಕೊಂಡರು. ನಾನು ನೀರಿನ ಚೊಂಬು ಹಿಡಿದು ಸಿದ್ಧಳಾದೆ. ಗುಳುಂ. ಮಾವ ನನ್ನನ್ನು ನೋಡಿದರು, ನಾನು ಮಾವನನ್ನು ನೋಡಿದೆ.

"ಏನೂ ಇಲ್ವಲ್ಲಮ್ಮ," ಅಂದರು ಪಾಪ, ಬೇಜಾರಿನಲ್ಲೇ.

ಅತ್ತೆ ಇನ್ನೂ ದೊಡ್ಡ ತುತ್ತಿಗೆ ಇನ್ನೂ ಹೆಚ್ಚು ಸುರಿದು ನುಂಗಿದಳು. "ಹುಣಸೆ ನೀರು." ಸಿರಾಚಾಕ್ಕೆ "ಜಾಮು" ಅಂದಳು. ಗೊಚುಜಾಂಗಿಗೆ "ಇದ್ರಲ್ಲಿ ಕಳ್ಳೆಪುರಿ ಉಂಡೆ ಕಟ್ಬೋದು" ಅಂದಳು. ಹರಿಸ್ಸಾ ಬಗ್ಗೆ ಮಾತ್ರ ತುಸು ಮರ್ಯಾದೆ ತೋರಿಸಿ, "ಅರೆಯಕ್ಕೆ ಬರಲ್ಲ ಅವ್ರಿಗೆ, ಪಾಪ" ಅಂದಳು.

ಆಗ ಹೊಳೆಯಿತು. ಇಬ್ಬರೂ ಏನನ್ನೂ ಅಗಿಯುತ್ತಿಲ್ಲ! ಮುದ್ದೆಯನ್ನು ಅಗಿಯುವವರುಂಟೇ? ತುತ್ತು ನಾಲಿಗೆಯನ್ನು ಮುಟ್ಟಿದಂತೆ ಮಾಡಿ, ಜಾರುಬಂಡೆಯಲ್ಲಿ ಮಗು ಜಾರಿದಂತೆ ಇಳಿದುಹೋಗುತ್ತಿತ್ತು. ಮೆಕ್ಸಿಕೋದ ಅಷ್ಟೂ ಬೆಂಕಿ ರಾಗಿಯ ಕಂಬಳಿ ಹೊದ್ದು ನೇರ ಹೊಟ್ಟೆಗೆ ಪ್ರಯಾಣ ಮಾಡಿತ್ತು.

"ಪರೀಕ್ಷೆಯ ಕ್ರಮವೇ ತಪ್ಪು!" ಎಂದು ಕೂಗಿದೆ. "ಅಗಿದು ನೋಡಿ!"

"ಅಗ್ಯಕ್ಕೆ ಮುದ್ದೆ ಏನು ಚಕ್ಲಿಯೇನೇ?"

"ಹಾಗಾದ್ರೆ ಬರೀ ಬೆರಳಲ್ಲಿ ನೆಕ್ಕಿ ನೋಡು."

"ಬರೀ ಖಾರ ನೆಕ್ಕೋಳು ಹುಚ್ಚಿ ಕಣೆ. ಖಾರ ಇರೋದು ಮುದ್ದೆಗೆ. ನನ್ ಖಾರಾನೂ ನೀನು ಅಂಗೇ ತಾನೆ ಉಣ್ಣೋದು?"

ಇದು ಒಳ್ಳೆಯ ವಾದ. ಎದುರಾಳಿಯ ಒಳ್ಳೆಯ ವಾದದಷ್ಟು ಹೊಟ್ಟೆ ಉರಿಸುವ ವಸ್ತು ಯಾವ ದೇಶದ ಸೀಸೆಯಲ್ಲೂ ಇಲ್ಲ. ನನ್ನ ಕಣ್ಣ ಮುಂದೆ ಕೋಚಿಂಗ್ ಕೇಂದ್ರದ ಬೆಂಚುಗಳು ಸಾಲಾಗಿ ಬಂದು ಕುಳಿತವು.

ಅಷ್ಟರಲ್ಲಿ ಮಾವ, "ಹಿಕ್" ಅಂದರು.

ಅತ್ತೆ ತಿರುಗಿ ಗದರಲು ಬಾಯಿ ತೆರೆದಳು. ಬಂದದ್ದು ಬೈಗುಳವಲ್ಲ, "ಹಿಕ್!" ಮಾವನದು ಸಣ್ಣದು, ಕೋಳಿಮರಿಯದು. ಅತ್ತೆಯದು ಇಡೀ ಮೈಯನ್ನು ನೆಲದಿಂದ ಎತ್ತಿ ಇಳಿಸುವಂಥದ್ದು. ಒಬ್ಬರು ನಿಲ್ಲಿಸುವಷ್ಟರಲ್ಲಿ ಇನ್ನೊಬ್ಬರು ಶುರು. ಗೋಡೆಗೆ ಒರಗಿ ನಕ್ಕು ನಕ್ಕು ನನಗೂ ಬಿಕ್ಕಳಿಕೆ ಬರುವ ಹಾಗಾಯಿತು.

"ಒಪ್ಕೋ ಅತ್ತೆ. ಖಾರ ಹೊಟ್ಟೆಗೆ ಹೋಗಿ ಕೂಗ್ತಿದೆ."

"ಖಾರಾನೂ ಇಲ್ಲ, ಹಿಕ್, ಗೀರಾನೂ ಇಲ್ಲ. ಯಾರೋ ನೆನೆಸ್ಕೊತಾವ್ರೆ."

ನೆನೆಸಿಕೊಂಡರೆ ಬಿಕ್ಕಳಿಕೆ ಬರುತ್ತದೆಂಬ ಮಾತನ್ನು ಬೇರೆ ದಿನವಾಗಿದ್ದರೆ ನಾನು ಚಿಂದಿ ಚಿಂದಿ ಮಾಡುತ್ತಿದ್ದೆ. ಅಂದು ಕೈಮುಗಿದು ಸ್ವೀಕರಿಸಿದೆ.

"ಯಾರು ಅತ್ತೆ? ಇಷ್ಟು ಜೋರಾಗಿ ನಿನ್ನ ನೆನೆಸ್ಕೊಳೋರು ಯಾರಿದಾರೆ?"

"ನನ್ ತಮ್ಮ, ಹಿಕ್, ಅಲ್ದೆ ಇನ್ಯಾರು?"

"ಅಂದ್ರೆ ಅಪ್ಪ! ಸರಿ, ಖಾರದಿಂದ ಬಂದಿದ್ರೆ ನಾನು ಗೆದ್ದೆ, ಫೋನ್ ಮಾಡು. ಅಪ್ಪ ನೆನೆಸ್ಕೊಂಡು ಬಂದಿದ್ರೆ ಅಷ್ಟು ನೆನೆಯೋ ತಮ್ಮನನ್ನ ಮಾತಾಡಿಸ್ದೆ ಇರ್ತೀಯಾ? ಫೋನ್ ಮಾಡು. ಮೂರನೇ ದಾರಿ ಇದ್ರೆ ಹೇಳು."

ಅತ್ತೆ ಮೂರನೇ ದಾರಿ ಹುಡುಕಿದಳು. ಹುಡುಕುವಾಗ ಮೂರು ಸಲ ಬಿಕ್ಕಳಿಸಿದಳು. ಮಾವ ಮೆಲ್ಲಗೆ, "ಮಗು ಲಾಯರ್ ಆಯ್ತದೆ, ಹಿಕ್, ಕಣೆ," ಎಂದು ಫೋನನ್ನು ಅವಳ ಕೈಗಿಟ್ಟರು. ನಾನು ಸ್ಪೀಕರ್ ಒತ್ತಿದೆ.

"ಲೇ... ಹಿಕ್..."

"ಅಕ್ಕಾ? ಅಕ್ಕಾ, ಯಾಕಕ್ಕಾ ಅಳ್ತಿದೀಯ?" ಅಪ್ಪನ ಕುರ್ಚಿ ಹಿಂದಕ್ಕೆ ಸರಿದ ಸದ್ದು ಮಳವಳ್ಳಿಯವರೆಗೂ ಕೇಳಿಸಿತು. ಅಕ್ಕ ಅತ್ತದ್ದನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಏನಾಯ್ತಕ್ಕಾ?"

"ಅಳ್ತಿಲ್ಲ ಕಣ್ಲಾ, ಹಿಕ್, ಮಗೀನ, ಹಿಕ್, ಕಳ್ಸೋ!"

"ಕಳಿಸ್ತೀನಿ ಕಣಕ್ಕಾ, ಈಗ್ಲೇ ಕಳಿಸ್ತೀನಿ. ಎಲ್ಲಿಗೆ?"

"ಮಂಗ್ಳೂರ್ಗೆ!"

"ಆಯ್ತು ಬುಡಕ್ಕಾ. ಅದಕ್ಯಾಕೆ ಇಷ್ಟೊಂದ್ ಅಳ್ತೀಯ? ಓಗ್ಲಿ. ಬಸ್ ಚಾರ್ಜೂ ನಾನೇ ಕೊಡ್ತೀನಿ."

ಫೋನ್ ಇಟ್ಟ ಮೇಲೆ ನಾನು ಅಡುಗೆಮನೆಯಿಂದ ಹಿತ್ತಿಲವರೆಗೆ ಓಡಿ, ವಾಪಸ್ ಬಂದು ಅತ್ತೆಯನ್ನು ಅಪ್ಪಿಕೊಂಡೆ. ಅವಳ ಬಿಕ್ಕಳಿಕೆ ನನ್ನನ್ನೂ ಕುಲುಕಿಸಿತು.

"ನಾನ್ ಅಳ್ತಿದ್ದೆ ಅನ್ಕೊಂಡವ್ನೆ ಕಣೆ ಅವ್ನು," ಅಂದಳು. "ನಿಜ ಏಳ್ಬೇಕಾ ಬ್ಯಾಡ್ವಾ? ಸಾಬೀತು ಸಾಬೀತು ಅಂತೀಯಲ್ಲ, ನೀನೇ ಏಳು."

"ತೀರ್ಪು ಬಂದ ಮೇಲೆ ಹೊಸ ವಿಷಯ ಎತ್ತೋ ಹಾಗಿಲ್ಲ ಅತ್ತೆ. ಚರ್ಚೆಯಲ್ಲಿ ಅದು ನಿಯಮ."

ಅತ್ತೆ ಯೋಚಿಸಿದಳು. "ಒಳ್ಳೆ ನೇಮ," ಅಂದಳು. "ಹಿಕ್."