ಲೊಯ್ಜಾ ಮಾಮನ ಅಂಗೈ

ಪ್ರತಿ ಡಿಸೆಂಬರಿನ ಮೊದಲ ವಾರ ನಾವು ಸೋಲುವುದಕ್ಕೆ ಹೋಗುತ್ತೇವೆ. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ನೆಪೋಲಿಯನ್ ಗೆದ್ದ ಯುದ್ಧವನ್ನು ಸ್ಲಾವ್ಕೊವ್ ಊರಿನ ಬಳಿಯ ಅದೇ ಹೊಲಗಳಲ್ಲಿ ಮತ್ತೆ ಆಡಿ ತೋರಿಸುವಾಗ ನಮ್ಮ ತಂಡದ್ದು ಸೋಲುವ ಆಸ್ಟ್ರಿಯದ ಬಿಳಿ ಕೋಟು. ಗೆಲ್ಲುವ ಫ್ರೆಂಚರಲ್ಲಿ ಅರ್ಧ ಜನ ಪಕ್ಕದೂರಿನ ಬಡಗಿಗಳು, ಬಸ್ ಡ್ರೈವರುಗಳು. "ಈ ವರ್ಷವಾದ್ರೂ ಗೆಲ್ತೀರೇನ್ರೋ?" ಎಂದು ಅವರು ಕೆಣಕಿದರೆ ನಮ್ಮ ತಂಡದ ಹಿರಿಯ ಲೊಯ್ಜಾ ಮಾಮ ಮೀಸೆ ಒರೆಸಿಕೊಂಡು ಹೇಳುತ್ತಿದ್ದರು, "ಸೋತಿದೀನಿ ಕಣ್ರಪ್ಪಾ, ಪ್ರತಿ ವರ್ಷ ಸೋತಿದೀನಿ. ಒಂದ್ಸಲಾನೂ ಸತ್ತಿಲ್ಲ."

ಅದು ನಿಜ. ಪ್ರತಿ ಸಲ ಯಾರಾದರೂ ಸತ್ತು ಬೀಳಲೇಬೇಕು, ಇಲ್ಲದಿದ್ದರೆ ಯುದ್ಧ ಯುದ್ಧದಂತೆ ಕಾಣುವುದಿಲ್ಲ. ಆದರೆ ಬಿದ್ದವನು ಮಂಜುಗಟ್ಟಿದ ಕೆಸರಿನಲ್ಲಿ ಅರ್ಧ ಗಂಟೆ ಮಲಗಬೇಕು, ಒಂದು ಈಡೂ ಹಾರಿಸುವಂತಿಲ್ಲ. ಈಡು ಬಿಟ್ಟುಕೊಡಲು ಲೊಯ್ಜಾ ಮಾಮನಿಗೆ ಪ್ರಾಣಸಂಕಟ. "ನೀನು ಬೀಳೋ, ನಿಂಗೆ ಹೇಗೂ ಸೊಂಟನೋವು, ಮಲಗಿದ ಹಾಗೂ ಆಯ್ತು" ಎಂದು ಪಕ್ಕದವನನ್ನು ಸಾಯಿಸಿ ತಾವು ಮತ್ತೆ ಮದ್ದು ತುಂಬುತ್ತಿದ್ದರು.

ಅವರ ಪೂರ್ತಿ ಹೆಸರು ಅಲೋಯಿಸ್ ಹುದೆಚೆಕ್. ಬ್ರ್ನೋ ಊರಿನ ಟ್ರಾಮ್ ಶೆಡ್ಡಿನಲ್ಲಿ ಫಿಟ್ಟರ್. ತಂಡ ಕಟ್ಟಿದ ಮೊದಲ ವರ್ಷ ಕೋಟುಗಳನ್ನು ಹೊಲಿದದ್ದು ಅವರ ಹೆಂಡತಿ ಕ್ವೆತಾ ಅತ್ತೆ, ಆಸ್ಪತ್ರೆಯಿಂದ ಹರಾಜಿಗೆ ಬಂದ ಕಂಬಳಿಗಳಿಂದ. ಗುಂಡಿಗಳನ್ನು ಲೊಯ್ಜಾ ಮಾಮ ಶೆಡ್ಡಿನ ಲೇತಿನಲ್ಲಿ ಊಟದ ಹೊತ್ತಿಗೆ ಕಡೆದು ತಂದರು. ಮಳೆ ಬಂದರೆ ಹನ್ನೆರಡೂ ಕೋಟುಗಳು ಡೆಟಾಲ್ ವಾಸನೆ ಹೊಡೆಯುತ್ತಿದ್ದವು. ಅತ್ತೆ ಹಿಟ್ಟು ಲಟ್ಟಿಸುತ್ತಿದ್ದ ಮೇಜಿನ ಮೇಲೇ ನಾವು ಕಾಗದದ ತೋಟಾಗಳನ್ನು ಸುತ್ತುತ್ತಿದ್ದೆವು. "ಮದ್ದು ಏನಾದ್ರೂ ನನ್ನ ಹಿಟ್ಟಿಗೆ ಬಿತ್ತೋ, ನಿಮ್ಮೆಲ್ಲರನ್ನೂ ಇಲ್ಲೇ ಸೋಲಿಸ್ತೀನಿ" ಎಂದು ಬೈಯುತ್ತಲೇ ಅತ್ತೆ ಪ್ಲಮ್ ತುಂಬಿದ ಬಿಸಿ ರೊಟ್ಟಿಯನ್ನು ಬಾಯಿಗೆ ತುರುಕುತ್ತಿದ್ದರು.

ನಾನು ಯಾರ್ಕಾ, ಅಂಚೆ ಕಚೇರಿಯವಳು. ಇಪ್ಪತ್ತೆರಡನೇ ವಯಸ್ಸಿಗೆ ಸೇರಲು ಹೋದಾಗ ಮಾಮ ನನ್ನನ್ನು ಕೋವಿಯ ಪಕ್ಕ ನಿಲ್ಲಿಸಿ ಅಳೆದರು. "ಕೋವಿ ನಿನಗಿಂತ ಉದ್ದ ಇದೆಯಲ್ಲೇ ಹುಡುಗಿ."

"ನಾನಾದ್ರೂ ಇನ್ನೂ ಬೆಳೀಬಹುದು. ನಿಮ್ಮ ಕೂದಲು ಬೆಳೆಯುತ್ತಾ ಮಾಮ?" ಎಂದೆ. ಬೋಳುತಲೆ ಸವರಿಕೊಂಡು ಒಂದು ತೋಟಾ ಕೊಟ್ಟು, ಹಲ್ಲಿನಿಂದ ಕಚ್ಚಿ ಹರಿಯಲು ಹೇಳಿದರು. ನಾಲಗೆಗೆ ಉಪ್ಪುಪ್ಪು ಮದ್ದು, ತುಟಿಯೆಲ್ಲ ಮಸಿ. ಅವತ್ತಿನಿಂದ ನಾನು ಅವರ ಎಡಗಡೆಯವಳು.

ನಮ್ಮ ಕೋವಿಗಳಲ್ಲಿ ಗುಂಡು ಇರುವುದಿಲ್ಲ, ಮದ್ದು ಮಾತ್ರ. ಆದರೂ ಅಪಾಯ ಅಪಾಯವೇ. ಎಲ್ಲರೂ ಒಟ್ಟಿಗೆ ಹಾರಿಸುವಾಗ ಒಬ್ಬನ ಕೋವಿ ಹೊರಗೆ ಭುಸ್ಸೆಂದು ಕಿಡಿ ಕಾರಿ ಒಳಗೆ ಹೊತ್ತಿಕೊಳ್ಳದೆ ಉಳಿಯಬಹುದು. ಆ ಗದ್ದಲದಲ್ಲಿ ಅವನಿಗೆ ಅದು ಗೊತ್ತಾಗದಿದ್ದರೆ ಹಳೇ ಮದ್ದಿನ ಮೇಲೆ ಹೊಸ ಮದ್ದು ಸುರಿಯುತ್ತಾನೆ. ಮುಂದೆ ಎಲ್ಲ ಒಟ್ಟಿಗೆ ಹೊತ್ತಿಕೊಂಡರೆ ನಳಿಗೆ ಸಿಡಿದು ಪಕ್ಕದವನ ಕಣ್ಣು ಹೋಗುತ್ತದೆ. ಅದಕ್ಕೇ ಪ್ರತಿ ಆಟದ ನಂತರ ಸಾಲಾಗಿ ನಿಂತು ತಪಾಸಣೆ. ಒಂದು ಕಬ್ಬಿಣದ ಕೋಲನ್ನು ಒಂದೊಂದೇ ನಳಿಗೆಗೆ ಬಿಡುವುದು. ಠಣ್ ಎಂದರೆ ಖಾಲಿ, ದಬ್ ಎಂದರೆ ಮದ್ದು ಉಳಿದಿದೆ ಎಂದರ್ಥ. ತನಗೆ ಗೊತ್ತೇ ಆಗದೆ ಮದ್ದಿನ ಮೇಲೆ ಮದ್ದು ತುಂಬಿದವನು ಮತ್ತೆ ಯಾವತ್ತೂ ಸಾಲಿನಲ್ಲಿ ಕೋವಿ ಹಿಡಿಯುವಂತಿಲ್ಲ. ಈ ನಿಯಮ ಮಾಡಿದವರು ಲೊಯ್ಜಾ ಮಾಮ. ಅದೇ ನಿಯಮದಲ್ಲಿ ಕ್ವೆತಾ ಅತ್ತೆಯ ಸ್ವಂತ ತಮ್ಮನನ್ನೇ ಹೊರಗೆ ಹಾಕಿ, ಒಂದು ತಿಂಗಳು ಮನೆಯಲ್ಲಿ ಮೌನ ಉಂಡಿದ್ದರು.

ಕೋಲು ಶೆಡ್ಡಿನಲ್ಲಿ ಅವರೇ ಮಾಡಿದ್ದು. ಅರವತ್ತೆಂಟು ತುಂಬಿದ ವರ್ಷ ಅದನ್ನು ನನ್ನ ಕೈಗೆ ಕೊಟ್ಟರು. "ಶಬ್ದ ಕೇಳು. ಮುಖ ನೋಡ್ಬೇಡ."

ಯಾಕೆ ಕೊಟ್ಟರೆಂದು ನನಗೆ ಆಮೇಲೆ ಹೊಳೆಯಿತು. ಅವರಿಗೆ ಕಿವಿ ಮಂದವಾಗುತ್ತಿತ್ತು. ಸಾಲಿನಲ್ಲಿ ಆಜ್ಞೆ ಕೇಳಿಸದೆ ನನ್ನ ಮೊಣಕೈ ನೋಡಿಕೊಂಡು ಕೋವಿ ಎತ್ತುತ್ತಿದ್ದರು. ಗೊತ್ತಿದ್ದೂ ನಾನು ತುಟಿ ಪಿಟಕ್ಕೆನ್ನಲಿಲ್ಲ. ಸಾಲಿನಿಂದ ತೆಗೆದರೆ ಈ ಮನುಷ್ಯ ಏನು ಮಾಡಿಯಾನು ಎಂಬ ಚಿಂತೆ ನನಗೆ.

ಅವರಿಗೆ ಎಪ್ಪತ್ತೊಂದಾದ ವರ್ಷ. ಬೆಳಿಗ್ಗೆ ಸ್ಲಾವ್ಕೊವ್ ಅರಮನೆಯ ಅಂಗಳದಲ್ಲಿ ಎಂಟು ಈಡಿನ ಪ್ರದರ್ಶನ, ಮಧ್ಯಾಹ್ನ ಹೊಲದಲ್ಲಿ ಯುದ್ಧ. ಅಂಗಳದ ಆಟ ಮುಗಿದ ಮೇಲೆ ನಾನು ಕೋಲು ಹಿಡಿದು ಸಾಲಿನ ಮುಂದೆ ಬಂದೆ. ಠಣ್, ಠಣ್, ಠಣ್. ಲೊಯ್ಜಾ ಮಾಮನ ನಳಿಗೆಗೆ ಬಿಟ್ಟೆ. ಹಿಟ್ಟಿನ ಮೂಟೆಗೆ ಚುಚ್ಚಿದ ಹಾಗೆ ದಬ್ಬೆಂದಿತು.

ಆಚೆ ಬ್ಯಾಂಡಿನವರು ಬಾರಿಸುತ್ತಿದ್ದರು, ಬೇರೆ ಯಾರಿಗೂ ಕೇಳಿಸಲಿಲ್ಲ. ನಾನು ತಲೆ ಎತ್ತಿ ಅವರ ಮುಖ ನೋಡಿದೆ. ಚಳಿಗೆ ಕೆಂಪಾದ ಮೂಗು, ತುಟಿಯ ಮೇಲೆ ಮಸಿ, ಮಧ್ಯಾಹ್ನದ ಯುದ್ಧದ ಸಡಗರ. ಕೋಲನ್ನು ಸರಕ್ಕನೆ ಎಳೆದುಕೊಂಡೆ.

"ಸರಿ ಇದೆ ಮಾಮ."

"ಇನ್ನೊಂದ್ಸಲ ಬಿಡು."

"ಸರಿ ಇದೆ ಅಂದ್ನಲ್ಲ."

"ಬಿಡೇ."

ಬಿಟ್ಟೆ. ಅವರು ನಳಿಗೆಯನ್ನು ಅಂಗೈಯಿಂದ ಬಿಗಿಯಾಗಿ ಹಿಡಿದಿದ್ದರು. "ಖಾಲಿ ಇದ್ರೆ ಕಬ್ಬಿಣ ಅಂಗೈಗೆ ಜುಮ್ ಅನ್ನತ್ತೆ" ಎಂದರು ಮೆಲ್ಲಗೆ. "ಎರಡು ವರ್ಷದಿಂದ ನಂಗೆ ಅದೇ ಕಿವಿ. ಇವತ್ತು ಜುಮ್ ಅನ್ಲಿಲ್ಲ. ಮುಖ ನೋಡಿಬಿಟ್ಟೆ ಅಲ್ವಾ ನೀನು?"

ನಾಚಿಕೆಯಿಂದ ನನಗೆ ನೆಲಕ್ಕಿಳಿದು ಹೋಗುವಂತಾಯಿತು. ಮಧ್ಯಾಹ್ನ ಅವರ ಎಡಕ್ಕೆ ನಿಲ್ಲುವವಳು ನಾನೇ, ನಳಿಗೆ ಸಿಡಿದರೆ ಹೋಗುವ ಕಣ್ಣು ನನ್ನದೇ. ನಳಿಗೆಗೆ ನೀರು ಹುಯ್ದು ಕೆದಕಿದಾಗ ಕಪ್ಪು ರಾಡಿಯಾಗಿ ಹೊರಬಿದ್ದದ್ದು ಮೂರು ಈಡಿನ ಮದ್ದು. ಅವರು ಕೋವಿಯನ್ನು ಒರೆಸಿ, ಚೀಲಕ್ಕೆ ಹಾಕಿ, ದಾರ ಕಟ್ಟಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು, "ಮಧ್ಯಾಹ್ನ ನಾನು ಬರೀ ಕೈಲಿ ಬರ್ತೀನಿ. ಸಾಯೋಕೆ."



ಹೊಲದಲ್ಲಿ ಫ್ರೆಂಚರ ಮೊದಲ ಈಡಿಗೇ ಲೊಯ್ಜಾ ಮಾಮ ಬಿದ್ದರು. ಸೊಗಸಾಗಿಯೇನೂ ಬೀಳಲಿಲ್ಲ, ಮಂಡಿ ಹಿಡಿದುಕೊಂಡು ಕೂತು ಆಮೇಲೆ ಮಲಗಿದರು. ನಾವು ಅವರನ್ನು ದಾಟಿ ಮುಂದೆ ಹೋಗಿ ಎಂದಿನಂತೆ ಸೋತೆವು. ಕೊನೆಗೆ ತುತ್ತೂರಿ ಊದಿದರೆ ಸತ್ತವರೆಲ್ಲ ಎದ್ದು ಟೋಪಿ ತೆಗೆಯುವುದು ವಾಡಿಕೆ. ಹೊಲದ ತುಂಬ ಸತ್ತವರು ಎದ್ದರು, ಲೊಯ್ಜಾ ಮಾಮ ಮಾತ್ರ ಏಳಲಿಲ್ಲ. ಕೆಸರಿನಲ್ಲಿ ಎದ್ದುಬಿದ್ದು ಓಡಿದೆ.

ಕಣ್ಣು ತೆರೆದು ಆಕಾಶ ನೋಡುತ್ತ ಮಲಗಿದ್ದರು. "ಮುಗೀತಾ?" ಎಂದರು. "ಕೇಳಿಸ್ಲಿಲ್ಲ. ಇಷ್ಟು ವರ್ಷದಲ್ಲಿ ಈ ಹೊಗೇನ ಕೆಳಗಿಂದ ನೋಡೇ ಇರ್ಲಿಲ್ಲ ನೋಡು. ಚೆನ್ನಾಗಿದೆ." ಕಣ್ಣಿನಿಂದ ಎರಡೂ ಕಿವಿಗಳ ಕಡೆಗೆ ನೀರು ಇಳಿದಿತ್ತು. ಕೈ ಕೊಟ್ಟು ಎಬ್ಬಿಸಿದೆ.

ತಪಾಸಣೆಗೆ ಸಾಲು ನಿಂತಾಗ ಅವರು ನನ್ನ ಪಕ್ಕಕ್ಕೆ ಬಂದರು. ನಾನು ಕೋಲು ಬಿಡುವ ಮೊದಲು ಪ್ರತಿ ನಳಿಗೆಯ ಮೇಲೂ ಅಂಗೈ ಇಟ್ಟರು. ಠಣ್ ಎಂದಾಗ "ಹೂಂ" ಎಂದು ಮುಂದಿನ ಕೋವಿಗೆ ನಡೆದರು. ಹಾಗೇ ಐದು ಡಿಸೆಂಬರುಗಳಲ್ಲಿ ಅವರು ಬಂದರು, ಕೋವಿಯಿಲ್ಲದೆ, ಬೆಳಿಗ್ಗೆ ಅಂಗೈ ಇಟ್ಟು, ಮಧ್ಯಾಹ್ನ ಮೊದಲ ಈಡಿಗೆ ಸತ್ತು.

ಹೋದ ಡಿಸೆಂಬರಿನ ಹೊತ್ತಿಗೆ ಅವರಿರಲಿಲ್ಲ. ಕ್ವೆತಾ ಅತ್ತೆ ಅವರ ಕೋಟು ಒಗೆದು, ಇಸ್ತ್ರಿ ಮಾಡಿ ತಂಡಕ್ಕೆ ಕಳಿಸಿದ್ದರು. ನಾನು ಕೋಲು ಹಿಡಿದು ಸಾಲಿನ ಮುಂದೆ ಹೋದೆ. ಠಣ್ ಎಂದ ಮೇಲೂ ಪ್ರತಿ ಕೋವಿಯ ಹತ್ತಿರ ಒಂದು ಗಳಿಗೆ ನಿಂತೆ. ಹೊಸದಾಗಿ ಸೇರಿದವರು, ಈಕೆ ಬಲು ಕಟ್ಟುನಿಟ್ಟು ಎಂದುಕೊಂಡರಂತೆ. ನಾನು ಕಾಯುತ್ತಿದ್ದದ್ದು ಒಂದು "ಹೂಂ"ಗೆ.