ರೇಡಿಯೋ ಅಕ್ಕನ ಊರಿಗೆ ಹೋದದ್ದು

ಟೈರ್ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಮಹಡಿ ಮೆಟ್ಟಿಲಿನ ಕೆಳಗೆ ಒಂದು ಕಟಿಂಗ್ ಶಾಪ್. ಅಲ್ಲಿ ಎರಡು ಕುರ್ಚಿ. ಒಂದು ತಿರುಗುತ್ತದೆ, ಇನ್ನೊಂದು ತಿರುಗುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು, ಈಗ ಅದರ ಮೇಲೆ ಹಳೇ ಪೇಪರುಗಳು ಕೂತಿವೆ. ಅಂಗಡಿಯವನನ್ನು ಬೀದಿಯವರೆಲ್ಲ ಕರೆಯುವುದು ರೇಡಿಯೋ ಎಂದು. ಬೆಳಿಗ್ಗೆ ಷಟರ್ ಎತ್ತುವಾಗ ತೆರೆದ ಬಾಯಿ ಸಂಜೆ ಷಟರ್ ಎಳೆಯುವಾಗಲೇ ಮುಚ್ಚುವುದು. ನಿಜವಾದ ರೇಡಿಯೋ ಆಗಿದ್ದರೆ ಕಿವಿ ಹಿಂಡಿ ಸುಮ್ಮನಾಗಿಸಬಹುದಿತ್ತು. ಇವನ ಕಿವಿ ಹಿಂಡುವ ಧೈರ್ಯ ಯಾರಿಗೂ ಇಲ್ಲ, ಕೈಯಲ್ಲಿ ಕತ್ತಿ ಇರುತ್ತದಲ್ಲ.

ಕಿವಿಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡಬೇಕು. ರೇಡಿಯೋನ ಎಡಗಿವಿಯ ಅಂಚಿನಲ್ಲಿ ಇಲಿ ಕಡಿದಂತೆ ಒಂದು ಕಚ್ಚು ಇದೆ. ಅದು ಅವನ ಅಕ್ಕನ ಕೈಚಳಕ. ಅಮ್ಮ ತೀರಿಕೊಂಡಾಗ ಇವನಿನ್ನೂ ಮೂಗು ಸೋರಿಸಿಕೊಂಡು ಓಡಾಡುತ್ತಿದ್ದ ಪೋರ. ಅಕ್ಕನೇ ಉಣಿಸಿ, ಬಯ್ದು, ತಲೆಗೆ ನೀರೆರೆದು ಸಾಕಿದಳು. ಕೂದಲನ್ನೂ ಅಡುಗೆಮನೆಯ ಕತ್ತರಿಯಲ್ಲಿ ಅವಳೇ ಕತ್ತರಿಸುತ್ತಿದ್ದಳು. ಒಂದು ಸಲ ಇವನು ಏನೋ ಹೇಳಲು ಹೋಗಿ ತಟ್ಟನೆ ತಲೆ ತಿರುಗಿಸಿದ, ಕಿವಿಯ ಚೂರು ಕತ್ತರಿಗೆ ಸಿಕ್ಕಿತು. ಇವನಿಗಿಂತ ಜೋರಾಗಿ ಅತ್ತವಳು ಅಕ್ಕ. ಆಗಲಾದರೂ ಕೂದಲು ಕತ್ತರಿಸುವ ಹೊತ್ತಿನಲ್ಲಿ ಮಾತಾಡಬಾರದೆಂದು ಇವನು ಕಲಿಯಬಹುದಿತ್ತು. ಕಲಿಯಲಿಲ್ಲ.

ಆ ಅಕ್ಕ ಮದುವೆಯಾಗಿ ಹೋದದ್ದು ದೂರದ ಮರಳುಗಾಡಿನ ಊರಿಗೆ. ಅಲ್ಲಿ ಭಾವನದು ಕಿಟಕಿಗೆ ಗಾಜು ಕೂರಿಸುವ ಅಂಗಡಿ. ಮೊದಲೆಲ್ಲ ಅವಳೇ ಬಂದು ತಮ್ಮನನ್ನು ನೋಡಿಕೊಂಡು ಹೋಗುತ್ತಿದ್ದಳು. ಭಾವ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರನ್ನು ಬಿಟ್ಟು ಊರು ದಾಟುವಂತಿಲ್ಲ. ಇನ್ನು ಹೋಗಬೇಕಾದವನು ರೇಡಿಯೋ. ಅವನೇನು ಸುಮ್ಮನೆ ಕೂತಿರಲಿಲ್ಲ. ವರ್ಷಗಟ್ಟಲೆ ಹೋಗುವ ತಯಾರಿ ನಡೆಸುತ್ತಲೇ ಇದ್ದ.

ತಯಾರಿ ಎಂದರೆ ವಿಚಾರಣೆ. ನಾಲ್ಕು ಜನರನ್ನು ಕೇಳದೆ ರೇಡಿಯೋ ಯಾವ ಕೆಲಸಕ್ಕೂ ಕೈ ಹಾಕುವವನಲ್ಲ. ಕೇಳುವುದಕ್ಕೇನು, ಜನ ತಾವಾಗಿಯೇ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಆದರೆ ಅವನು ಕೇಳುವ ಹೊತ್ತು ಮಾತ್ರ ವಿಚಿತ್ರ. ಕೂದಲು ಕತ್ತರಿಸುವಾಗ ಅವನೇ ಮಾತಾಡುತ್ತಾನೆ, ಇನ್ನೊಬ್ಬರು ಬಾಯಿ ಹಾಕಲು ಸಂದಿಯಿಲ್ಲ. ಗಿರಾಕಿಯ ಮುಖಕ್ಕೆ ತುಟಿಯವರೆಗೂ ನೊರೆ ಬಳಿದು, ತಲೆ ಹಿಂದಕ್ಕೆ ವಾಲಿಸಿ, ಗಂಟಲ ಮೇಲೆ ಕತ್ತಿ ಇಟ್ಟ ಮೇಲೆ ಅಭಿಪ್ರಾಯ ಕೇಳುತ್ತಾನೆ.

“ಗೋಡೆಗೆ ಹಸಿರು ಬಣ್ಣ ಹೊಡೆಸಿದ್ರೆ ಚೆನ್ನಾಗಿರುತ್ತೆ, ಅಲ್ವಾ ಸಾರ್?”

“ಹೂಂ.”

ಹೀಗೆ ಅಂಗಡಿಯ ಗೋಡೆಗೆ ಪಾಚಿ ಕಟ್ಟಿದ ತೊಟ್ಟಿಯ ಬಣ್ಣ ಬಂತು. ಹೀಗೆಯೇ ಮನೆಗೆ ಬಾಗಿಲಿನೊಳಗೆ ಹಿಡಿಯದ ಬೀರು ಬಂತು. ಅದು ಇನ್ನೂ ಪಡಸಾಲೆಯ ಆಚೆ ನಿಂತಿದೆ. “ಊರಿಗೆ ಊರೇ ನನ್ನ ಮಾತಿಗೆ ಹೂಂ ಅನ್ನುತ್ತೆ ಕಣೇ,” ಎಂದು ಅವನು ಹೆಂಡತಿಯ ಮುಂದೆ ಬೀಗುತ್ತಿದ್ದ. ಪಕ್ಕದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ ಇಡೀ ದಿನ ಇನ್ನೊಬ್ಬರ ಕೆಮ್ಮು ಕೇಳಿ ಬಂದವಳು. “ಹೌದಾ?” ಎಂದು ಸುಮ್ಮನಾಗುತ್ತಿದ್ದಳು.

ಅಕ್ಕನ ಊರಿನ ವಿಷಯದಲ್ಲೂ ಇದೇ ಆಯಿತು. ಬೆಳಿಗ್ಗೆ ಬ್ಯಾಂಕಿನವರನ್ನು, “ಮರಳುಗಾಡಿಗೆ ಚಳಿಗಾಲವೇ ಸರಿ, ಅಲ್ವಾ?” ಎಂದು ಕೇಳಿದ. ಹೂಂ ಅಂದರು. ಮಧ್ಯಾಹ್ನ ಟೈರ್ ಅಂಗಡಿಯವನನ್ನು, “ಚಳಿಗಾಲದಲ್ಲಿ ಎಲ್ಲಾ ಅಲ್ಲಿಗೇ ನುಗ್ತಾರೆ, ಒಂದು ಸೀಟು ಸಿಗಲ್ಲ, ಅಲ್ವಾ?” ಎಂದು ಕೇಳಿದ. ಅವನೂ ಹೂಂ. ರೈಲಾದರೆ ಕಾಲು ಚಾಚಬಹುದು? ಹೂಂ. ರೈಲು ಸುತ್ತಿ ಬಳಸಿ ಹೋಗುತ್ತೆ, ಬಸ್ಸೇ ನೇರ? ಹೂಂ. ವಿಮಾನದಲ್ಲಿ ಹೋದರೆ ಬರೀ ಮೋಡ, ಊರು ನೋಡಿದ ಹಾಗಾಗಲ್ಲ? ಹೂಂ, ಹೂಂ. ಎಲ್ಲದಕ್ಕೂ ಒಪ್ಪಿಗೆ ಸಿಕ್ಕಿದ್ದರಿಂದ ಯಾವುದನ್ನೂ ಆರಿಸಲಾಗದೆ ರೇಡಿಯೋ ಪ್ರತಿ ವರ್ಷ ತಲೆ ಕೆರೆದುಕೊಂಡು ಮುಂದಿನ ವರ್ಷಕ್ಕೆ ತಳ್ಳುತ್ತಿದ್ದ.

ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆ. ಅವನ ಮನಸ್ಸಿನಲ್ಲಿದ್ದ ಅಕ್ಕ ತುಂಬಿದ ಬಿಂದಿಗೆಯನ್ನು ಒಂದೇ ಕೈಯಲ್ಲಿ ಎತ್ತುವವಳು, ಕದ್ದು ತಿಂದ ತಮ್ಮನನ್ನು ಬೀದಿಯ ಕೊನೆಯವರೆಗೂ ಓಡಿಸಿಕೊಂಡು ಹೋಗುವವಳು. ಅಲ್ಲಿ ಹೋಗಿ ನೋಡಿದರೆ ಯಾರೋ ಮುದುಕಿ ಬಾಗಿಲು ತೆಗೆದರೆ? ಇದೊಂದನ್ನು ಮಾತ್ರ ಅವನು ಯಾರ ಗಂಟಲ ಮೇಲೆ ಕತ್ತಿ ಇಟ್ಟೂ ಕೇಳಿರಲಿಲ್ಲ.

ಹೀಗಿರುವಾಗ ಒಂದು ರಜೆಯ ದಿನ ಅಕ್ಕನ ಫೋನು ಬಂತು.

“ಕಣ್ಣು ಮಂಜಾಗ್ತಾ ಇದೆ ಕಣೋ. ಮನೆಯೊಳಗೆ ಎಲ್ಲಾ ಹೊಗೆ ತುಂಬಿದ ಹಾಗೆ ಕಾಣುತ್ತೆ. ಹೋದದ್ದು ಹೋಯ್ತು, ಉಳಿದದ್ದು ಎಷ್ಟು ದಿನ ಇರುತ್ತೋ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು. ನಿನ್ನ ಮುಖ ಒಂದ್ಸಲ ಸರಿಯಾಗಿ ನೋಡ್ಬೇಕು. ಬಂದುಬಿಡೋ.”

ಇನ್ನು ತಡ ಮಾಡಬಾರದೆಂದು ರೇಡಿಯೋ ನಿಶ್ಚಯಿಸಿದ. ಆದರೂ ಹುಟ್ಟುಗುಣ ಎಲ್ಲಿ ಬಿಟ್ಟೀತು? ಮರುದಿನ ಕ್ಷೌರಕ್ಕೆ ಬಂದ ಭೂಗೋಳದ ಮೇಷ್ಟ್ರನ್ನೇ ಹಿಡಿದ. ಇಡೀ ಭೂಮಿಯನ್ನು ಕಪ್ಪು ಹಲಗೆಯ ಮೇಲೆ ಬರೆದು ಅಳಿಸಿದವರು, ಇವರಿಗಿಂತ ತಿಳಿದವರು ಬೇಕೆ?

“ಮೇಷ್ಟ್ರೇ, ಈ ಬೇಸಿಗೇಲೇ ಹೋಗಿಬಿಡ್ತೀನಿ. ಆಗ ಯಾರೂ ಹೋಗಲ್ಲ, ಬಸ್ಸು ಖಾಲಿ ಇರುತ್ತೆ, ಅಲ್ವಾ?”

ಮೇಷ್ಟ್ರ ಗಂಟಲಿನ ಗಂಟು ಕತ್ತಿಯ ಕೆಳಗೆ ಒಮ್ಮೆ ಮೇಲೇರಿ ಇಳಿಯಿತು. “ಹೂಂ.”

“ರೈಲಿನ ಹಳಿ ಮುಗಿಯೋವರೆಗೂ ರೈಲು, ಆಮೇಲೆ ಬಸ್ಸು. ರಾತ್ರಿ ಬಸ್ಸಲ್ಲಿ ಏನೂ ಕಾಣಲ್ಲ, ಹಗಲು ಬಸ್ಸೇ ಮೇಲು, ಅಲ್ವಾ?”

“ಹೂಂ.”

ಅಂದೇ ತನಗೂ ಹೆಂಡತಿಗೂ ಟಿಕೆಟ್ ತಂದ. ಮೂರೇ ದಿನದಲ್ಲಿ ಮೇಷ್ಟ್ರು ಹಲ್ಲುನೋವಿನ ಮಾತ್ರೆಗೆಂದು ಔಷಧಿ ಅಂಗಡಿಗೆ ಬಂದರು. ರೇಡಿಯೋನ ಹೆಂಡತಿ ಸಂತೋಷದಿಂದ ಸುದ್ದಿ ಹೇಳಿದಳು. ಮೇಷ್ಟ್ರು ಮಾತ್ರೆ ಕೈಯಲ್ಲಿ ಹಿಡಿದು ನಿಂತೇಬಿಟ್ಟರು.

“ಈಗಲೇನಮ್ಮಾ? ಈ ತಿಂಗಳು ಅಲ್ಲಿ ಹಲ್ಲಿ ಕೂಡ ನೆರಳು ಬಿಟ್ಟು ಬರಲ್ಲ! ಅದೂ ಹಗಲು ಬಸ್ಸಲ್ಲಿ!”

“ನೀವೇ ಹೂಂ ಅಂದ್ರಂತೆ?”

“ಅಮ್ಮಾ, ಕತ್ತಿ ಇಲ್ಲಿತ್ತು,” ಎಂದು ಮೇಷ್ಟ್ರು ತಮ್ಮ ಗಂಟಲು ಮುಟ್ಟಿ ತೋರಿಸಿದರು. “ಆ ಹೊತ್ತಲ್ಲಿ ಭೂಮಿ ಚಪ್ಪಟೆಯಾಗಿದೆ ಅಂತ ಕೇಳಿದ್ರೂ ಹೂಂ ಅಂತಿದ್ದೆ.”

ಹೆಂಡತಿಗೆ ಒಂದೇ ಕ್ಷಣದಲ್ಲಿ ಹಸಿರು ಗೋಡೆಯೂ ಪಡಸಾಲೆಯ ಆಚೆ ನಿಂತ ಬೀರುವೂ ಅರ್ಥವಾದವು. ಕೌಂಟರ್ ಹಿಂದೆ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ರೇಡಿಯೋ ನಗಲಿಲ್ಲ. ಅವನ ಮುಖ ನೋಡಿದರೆ ಯಾರಿಗಾದರೂ ಅಯ್ಯೋ ಅನಿಸಬೇಕು. ಇಷ್ಟು ವರ್ಷ ಊರಿನ ಒಪ್ಪಿಗೆ ಎಂದು ತಿಳಿದದ್ದೆಲ್ಲ ಬರೀ ಜೀವಭಯವಾಗಿತ್ತು.

“ಹಾಗಾದ್ರೆ ಟಿಕೆಟ್ ವಾಪಸ್ ಮಾಡಿ ಚಳಿಗಾಲಕ್ಕೆ ಹೋಗೋಣ,” ಎಂದ ಮೆಲ್ಲಗೆ. ಆ ದನಿಯಲ್ಲಿ ಬೇಸರಕ್ಕಿಂತ ನೆಮ್ಮದಿಯೇ ಹೆಚ್ಚಿತ್ತು. ಹೆಂಡತಿ ಅದನ್ನು ಗಮನಿಸಿದಳು.

“ಅತ್ತಿಗೆಗೆ ನೀವೇ ಹೇಳಿ,” ಎಂದು ಫೋನನ್ನು ಅವನ ಕೈಗಿತ್ತಳು.

ರೇಡಿಯೋ ಬಿಸಿಲು, ಗಾಳಿ, ಬಸ್ಸು, ಮೇಷ್ಟ್ರು, ಎಲ್ಲವನ್ನೂ ಸುತ್ತಿ ಬಳಸಿ ಹೇಳಿದ.

“ನೀನು ಬರೋದು ನನ್ನ ನೋಡಕ್ಕೋ, ಹವಾಮಾನ ನೋಡಕ್ಕೋ?” ಎಂದಳು ಅಕ್ಕ. “ಚಳಿಗಾಲದ ಹೊತ್ತಿಗೆ ನೀನು ಎದುರಿಗೆ ನಿಂತ್ರೂ ನನಗೆ ಕಾಣದೆ ಹೋದ್ರೆ ಏನೋ ಮಾಡ್ತೀಯ?”

ಮಾತಿನ ಮಲ್ಲ ಟಿಕೆಟ್ಟುಗಳನ್ನು ಮತ್ತೆ ಜೇಬಿಗಿಟ್ಟುಕೊಂಡ. ಅಂಗಡಿಯ ಷಟರಿಗೆ ಬೀಗ ಹಾಕಿ ಇಬ್ಬರೂ ಹೊರಟರು.

ರೈಲಿನವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಎದುರು ಸೀಟಿನವರಿಗೆ ರೇಡಿಯೋ ತನ್ನ ಅಂಗಡಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿ ಮುಗಿಸಿ, ಅವರು ಕಣ್ಣು ಮುಚ್ಚಿಕೊಂಡ ಮೇಲೂ ಮುಂದುವರಿಸಿದ. ಬಸ್ಸು ಹತ್ತಿದ ಮೇಲೆ ಹಣೆಬರಹ ಬದಲಾಯಿತು. ಅವನು ಹೇಳಿದಂತೆ ಬಸ್ಸು ಖಾಲಿ. ಇವರಿಬ್ಬರು, ಡ್ರೈವರು, ಹಿಂದಿನ ಸೀಟಿನಲ್ಲಿ ಮುಖದ ತುಂಬ ಬಟ್ಟೆ ಸುತ್ತಿಕೊಂಡು ಮಲಗಿದ್ದ ಒಬ್ಬ ಮನುಷ್ಯ. ಕಿಟಕಿ ಮುಚ್ಚಿದರೆ ಒಲೆಯೊಳಗೆ ಕೂತಂತೆ, ತೆರೆದರೆ ಒಲೆಯ ಬಾಯಿಗೆ ಮುಖ ಒಡ್ಡಿದಂತೆ. ಬಾಟಲಿಯ ನೀರು ಎಷ್ಟು ಕಾದಿತ್ತೆಂದರೆ ಟೀಪುಡಿ ಹಾಕುವುದೊಂದು ಬಾಕಿ.

“ದಾರಿ ಚೆನ್ನಾಗಿ ಕಾಣ್ತಾ ಇದೆಯೇನ್ರೀ?” ಎಂದಳು ಹೆಂಡತಿ, ಒದ್ದೆ ಟವೆಲಿನ ಒಳಗಿನಿಂದ.

ಕಾಣುತ್ತಿತ್ತು. ಬಲಗಡೆ ಮರಳು, ಎಡಗಡೆ ಮರಳು. ರೇಡಿಯೋ ಏನೋ ಸಮರ್ಥನೆ ಹೇಳಲು ಬಾಯಿ ತೆರೆದ. ಅದೇ ಹೊತ್ತಿಗೆ ಗಾಳಿ ಬೀಸಿತು. ಬಾಯಿ ತುಂಬ ಮರಳು. ಉಗಿದ, ಮತ್ತೆ ತೆರೆದ, ಮತ್ತೆ ಮರಳು. ಮದುವೆಯಾದಂದಿನಿಂದ ಇಂಥ ನಿಶ್ಶಬ್ದವನ್ನು ಕಾಣದ ಹೆಂಡತಿ ಆ ಬಿಸಿಲಲ್ಲೂ ಕಣ್ಣು ಮುಚ್ಚಿ ಅದನ್ನು ಸವಿದಳು.

ನಡು ಮಧ್ಯಾಹ್ನ ಬಸ್ಸು ಊರು ಸೇರಿತು. ಇಳಿದು ನೋಡಿದರೆ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಅಂಗಡಿಗಳ ಬಾಗಿಲು ಮುಚ್ಚಿವೆ, ಕಿಟಕಿಗಳಿಗೆ ಪರದೆ. ನಾಯಿಗಳು ಕೂಡ ನಲ್ಲಿಕಟ್ಟೆಯ ಅಡಿಗೆ ನುಸುಳಿ ಸತ್ತಂತೆ ಬಿದ್ದಿವೆ. ಊರಿನವರೆಲ್ಲ ಗುಳೆ ಹೋಗಿದ್ದಾರೆಂದೇ ರೇಡಿಯೋ ತಿಳಿದ. “ಊರು ಮಲಗಿದೆ. ಸಂಜೆಗೆ ಏಳುತ್ತೆ,” ಎಂದು ಡ್ರೈವರು ತಾನೂ ಬಸ್ಸಿನ ನೆರಳಲ್ಲಿ ಚಾಪೆ ಹಾಸಿದ.

ಇಡೀ ಊರಲ್ಲಿ ಎಚ್ಚರವಾಗಿದ್ದವಳು ಒಬ್ಬಳೇ. ಟಿಕೆಟ್ ಕೊಡುವ ಕಟ್ಟೆಯ ಪಕ್ಕ, ಕಪ್ಪು ಕೊಡೆ ಹಿಡಿದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಒಬ್ಬ ಮುದುಕಿ. ಬೆನ್ನು ಬಾಗಿದೆ, ತಲೆ ಪೂರ್ತಿ ಬೆಳ್ಳಗಾಗಿದೆ. ರೇಡಿಯೋ ಹೆದರಿದ್ದದ್ದು ಇದಕ್ಕೇ. ಆದರೆ ಅದಕ್ಕಿಂತ ಕೆಟ್ಟದ್ದೊಂದು ನಡೆಯಿತು. ಅವಳು ಅವನ ಪಕ್ಕದಲ್ಲೇ ಹಾದು, ಬಟ್ಟೆ ಸುತ್ತಿಕೊಂಡು ಇಳಿದ ಆ ಇನ್ನೊಬ್ಬನ ಕಡೆಗೆ ನಗುತ್ತ ಹೋದಳು. “ಬಂದ್ಯೇನೋ?” ಎಂದು ಅವನ ಕೈ ಹಿಡಿದಳು. ಆ ಮನುಷ್ಯ ಗಾಬರಿಯಾಗಿ ಕೈ ಬಿಡಿಸಿಕೊಂಡ.

ರೇಡಿಯೋ “ಅಕ್ಕಾ” ಎನ್ನಲು ಹೋದ. ಮರಳು ತುಂಬಿದ ಗಂಟಲಿನಿಂದ ಗರಗಸದ ಸದ್ದು ಬಂತೇ ಹೊರತು ಮಾತು ಬರಲಿಲ್ಲ. ಊರಿಗೆಲ್ಲ ಬೇಡವಾದಾಗ ಹರಿದ ದನಿ ಬೇಕಾದಾಗ ಕೈಕೊಟ್ಟಿತು. ಓಡಿ ಹೋಗಿ ಅವಳ ಕೈಯನ್ನು ಎಳೆದು ತನ್ನ ಎಡಗಿವಿಯ ಮೇಲೆ ಇಟ್ಟುಕೊಂಡ.

ಬೆರಳು ಆ ಕಚ್ಚನ್ನು ಮುಟ್ಟಿತು. ಒಮ್ಮೆ ಸವರಿ ನೋಡಿತು. ಆಮೇಲೆ ಗಟ್ಟಿಯಾಗಿ ಹಿಂಡಿತು.

“ಬಾ ಇಲ್ಲಿ, ಬಸ್ಸಿನ ನೆರಳಲ್ಲಿ ನಿಲ್ಬೇಡ,” ಎಂದು ಅಕ್ಕ ಅವನನ್ನು ಕಿವಿ ಹಿಡಿದೇ ಉರಿಬಿಸಿಲಿಗೆ ಎಳೆದಳು. ಕೊಡೆಯನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟಳು. ಎರಡೂ ಕೈಯಲ್ಲಿ ತಮ್ಮನ ಮುಖ ಹಿಡಿದು, ಅದನ್ನು ಸೂರ್ಯನ ಕಡೆಗೆ ತಿರುಗಿಸಿ, ಹತ್ತಿರದಿಂದ ನೋಡಿದಳು. ನೋಡುತ್ತಲೇ ಇದ್ದಳು. ಕೆಳಗೆ ಚಪ್ಪಲಿ ಸುಡುತ್ತಿತ್ತು, ಮೇಲೆ ನೆತ್ತಿ ಸುಡುತ್ತಿತ್ತು, ರೇಡಿಯೋ ಅಲುಗಾಡಲಿಲ್ಲ.

“ಕಾಣ್ತಾ ಇದೀಯ ಕಣೋ,” ಎಂದಳು. “ಅಪ್ಪನ ಹಾಗೆ ಹಣೆ ಬೋಳಾಗಿದೆ. ಇಲ್ಲೊಂದು ಮಚ್ಚೆ ಹೊಸದು. ಇಷ್ಟು ಬಿಸಿಲಿದ್ರೇನೇ ನನಗೆ ಮುಖ ಕಾಣೋದು. ಮನೆಯೊಳಗೆ ಕಾಣಲ್ಲ, ಸಂಜೆ ಕಾಣಲ್ಲ. ಚಳಿಗಾಲದ ಮಬ್ಬಲ್ಲಿ ಬಂದಿದ್ರೆ ನಿನ್ನ ದನಿ ಕೇಳಿಕೊಂಡು ಕೂರಬೇಕಾಗಿತ್ತು. ಅದನ್ನ ಫೋನಲ್ಲಿ ಕೇಳಿ ಕೇಳಿ ಸಾಕಾಗಿದೆ.”

ರೇಡಿಯೋ ಅತ್ತುಬಿಟ್ಟ. ಮರಳಿನಿಂದ ಕಣ್ಣು ಉರಿಯುತ್ತಿದೆ ಎಂದು ಹೇಳೋಣವೆಂದರೆ ಅದಕ್ಕೂ ದನಿಯಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಅಂಗಳದ ಬಿಸಿಲಲ್ಲಿ ಸ್ಟೂಲು ಹಾಕಿ, ಕತ್ತರಿ ಹಿಡಿದು ನಿಂತಳು. ತಮ್ಮನ ಕೂದಲನ್ನು ಯಾರೋ ಅಡ್ಡಾದಿಡ್ಡಿ ಕತ್ತರಿಸಿದ್ದಾರೆಂದು ಅವಳ ತಕರಾರು. ಅದನ್ನು ಕತ್ತರಿಸಿಕೊಂಡವನು ತಾನೇ ಎಂದು ರೇಡಿಯೋ ಬಾಯಿ ಬಿಡಲಿಲ್ಲ. ವೃತ್ತಿಯ ಮರ್ಯಾದೆಯ ಪ್ರಶ್ನೆ. ಒಳಗೆ ಮಂಚದ ಮೇಲಿದ್ದ ಭಾವ ಕಿಟಕಿಯಿಂದ ಕೂಗಿದರು. “ಹುಷಾರಪ್ಪಾ, ಇನ್ನೊಂದು ಕಿವಿ ಇನ್ನೂ ಪೂರ್ತಿ ಇದೆ!”

ಕತ್ತರಿ ಕಿವಿಯ ಸುತ್ತ ಕಿಚಿಕಿಚಿ ಎನ್ನತೊಡಗಿತು. ಎಷ್ಟೋ ಕಾಲದ ಮೇಲೆ ರೇಡಿಯೋ ಇನ್ನೊಬ್ಬರ ಕೈಯ ಕೆಳಗೆ ಕೂತಿದ್ದ. ಉಸಿರು ಬಿಗಿಹಿಡಿದು, ಕತ್ತು ಕಲ್ಲು ಮಾಡಿಕೊಂಡು.

“ಬರೋ ವರ್ಷವೂ ಬರ್ತೀಯ ತಾನೆ?”

“ಹೂಂ.”

ಬಾಗಿಲಲ್ಲಿ ಕೂತಿದ್ದ ಹೆಂಡತಿ ಮುಸಿಮುಸಿ ನಕ್ಕಳು. ಮೇಷ್ಟ್ರ ಕಥೆಯನ್ನು ಅವಳು ಹಿಂದಿನ ಸಂಜೆಯೇ ಅತ್ತಿಗೆಗೆ ಹೇಳಿ ಮುಗಿಸಿದ್ದಳು. ಅಕ್ಕನ ಕೈ ನಿಂತಿತು. ಅವಳು ನಾಲ್ಕು ಹೆಜ್ಜೆ ನಡೆದು, ತಡವಿ ತಡವಿ ಕಟ್ಟೆಯನ್ನು ಹುಡುಕಿ, ಕತ್ತರಿಯನ್ನು ಅದರ ಮೇಲಿಟ್ಟಳು. ಬರಿಗೈಯಲ್ಲಿ ತಿರುಗಿ ಬಂದು ತಮ್ಮನ ಎದುರಿಗೆ ನಿಂತಳು.

“ಈಗ ಕೈಯಲ್ಲಿ ಏನೂ ಇಲ್ಲ. ನನಗೆ ಕಾಣದೆ ಹೋದ ಮೇಲೂ ಬರ್ತೀಯೇನೋ?”

ಹೇಳುವುದಕ್ಕೆ ರೇಡಿಯೋಗೆ ಬೇಕಾದಷ್ಟಿತ್ತು. ಗಂಟಲೂ ಅಷ್ಟೊತ್ತಿಗೆ ಸರಿಯಾಗಿತ್ತು. ಯಾವ ತಿಂಗಳು, ಯಾವ ಬಸ್ಸು ಎಂದು ಅವನು ಕೇಳಲಿಲ್ಲ.

“ಹೂಂ,” ಎಂದ.