ಮಳೆ ಬಂದರೆ ಕೂಡುವ ಗಾಲಿ

ಮೊನ್ನೆಮೊನ್ನೆಯವರೆಗೂ ನಮ್ಮ ಪಡಸಾಲೆಯಲ್ಲಿ ಕ್ಯಾಲೆಂಡರು ಗೋಡೆಯ ನಡುವೆ ಇರಲಿಲ್ಲ. ಬಿರುಕು ಎಲ್ಲಿತ್ತೋ ಅಲ್ಲಿ, ಅದನ್ನು ಮರೆಮಾಡಿಕೊಂಡು ಇತ್ತು. ಅಮಾವಾಸ್ಯೆ ಯಾವಾಗ ಎಂದು ನೋಡಬೇಕಾದ ನೆಂಟರು ಬಾಗಿಲ ಹಿಂದಿನ ಮೂಲೆಗೆ ಕತ್ತು ನೀಡಿ, ಅಲ್ಲಿ ನೇತಾಡುವ ನನ್ನ ಅಂಗಿಯನ್ನು ಸರಿಸಿ, ತಿಥಿದರ್ಶನ ಪಡೆಯಬೇಕಾಗಿತ್ತು. ಎರಿ ಭೂಮಿಯ ಮೇಲೆ ಮನೆ ಕಟ್ಟಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವು ಬೇರೆ ಸೀಮೆಯವರಾದರೆ ಕೇಳಿ: ನಮ್ಮೂರು ಮೊರಬದ ಎರಿ, ಅಂದರೆ ಕರಿಮಣ್ಣು, ಬೇಸಿಗೆಯಲ್ಲಿ ದನದ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ, ನಾಲ್ಕು ಹದಮಳೆ ಬಿದ್ದೊಡನೆ ಏನೂ ಆಗಿಲ್ಲವೆಂಬಂತೆ ಮುಚ್ಚಿಕೊಳ್ಳುತ್ತದೆ. ಅದರ ಸಂಗಡ ಗೋಡೆಯೂ ಬಿಡುತ್ತದೆ, ಗೋಡೆಯೂ ಕೂಡುತ್ತದೆ. ಬಂಡಿಯ ಕಟ್ಟಿಗೆಗಾಲಿ ಒಣಗಿ ಸಡಿಲಾದರೆ ಕೆರೆಯಲ್ಲಿ ನೆನೆಹಾಕುತ್ತೇವೆ, ಬಿಗಿಯಾಗುತ್ತದೆ. ನನ್ನ ಹಿಮ್ಮಡಿಗಳೂ ಇದೇ ಸಂಪ್ರದಾಯಕ್ಕೆ ಸೇರಿದವು. ಹೀಗಾಗಿ ಒಡೆದದ್ದೆಲ್ಲ ಮಳೆಗಾಲಕ್ಕೆ ತಾನಾಗಿ ಕೂಡುತ್ತದೆ ಎಂಬ ಮಹಾಸಿದ್ಧಾಂತ ನನಗೆ ಗುರೂಪದೇಶವಿಲ್ಲದೆಯೇ ಸಿದ್ಧಿಸಿತ್ತು. ಅದನ್ನು ಜೀಪಿನ ಗಾಲಿಗೂ ಅನ್ವಯಿಸಿದ ಪ್ರಥಮ ಪಂಡಿತ ಬಹುಶಃ ನಾನೇ.

ಜೀಪು ನನಗೆ ಒಲಿದದ್ದು ಮಿಲಿಟರಿಯವರು ಸಾಕೆಂದು ಹರಾಜಿಗೆ ಬಿಟ್ಟ ಮೇಲೆ, ಅದನ್ನು ಕೊಂಡ ಇನ್ನಿಬ್ಬರೂ ಸಾಕೋ ಸಾಕೆಂದು ಕೈಮುಗಿದ ಮೇಲೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಸ್ತರನಿಗೆ ಇದು ತಕ್ಕ ವಾಹನವೆಂದು ಊರು ನಕ್ಕಿತು. ಹೊಲಕ್ಕೆ ಹೋಗಲು ಬೇಕು ಎಂಬುದು ನಾನು ಕೊಡುತ್ತಿದ್ದ ಕಾರಣ. ಸ್ಟೀರಿಂಗ್ ಹಿಡಿದು ಕೂತಾಗ ಎದೆ ತಾನೇ ತಾನಾಗಿ ಹಿಗ್ಗುತ್ತಿತ್ತು ಎಂಬುದು ಕೊಡದೆ ಇಟ್ಟುಕೊಂಡ ಕಾರಣ. ಆದರೆ ಹಸಿ ಎರಿಯಲ್ಲಿ ಅದರ ಸಪೂರ ಗಾಲಿಗಳು ಹೂತು ನಿಂತುಬಿಡುತ್ತಿದ್ದವು. ಪ್ರತಿಸಲ ಎತ್ತು ಕಟ್ಟಿಸಿ ಎಳೆಸಿಕೊಳ್ಳುವ ಅವಮಾನ ತಾಳಲಾರದೆ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿ ಗಾಲಿಯ ಉಕ್ಕಿನ ಬಳೆಯನ್ನು ನಡುವೆ ಸೀಳಿ, ಒಳಗೊಂದು ಪಟ್ಟಿ ಕೂಡಿಸಿ, ವೆಲ್ಡಿಂಗ್ ಮಾಡಿ, ದಪ್ಪ ಟಾಯರು ಹಿಡಿಯುವಷ್ಟು ಅಗಲ ಮಾಡಿ ಕೊಡುತ್ತಿದ್ದರು. "ಸಾಹೇಬ್ರ, ಎರಿ ಹೊಲದಾಗ ಆನಿ ಹೋದಂಗ ಹೋಗ್ತಾವ. ಸವದ್ರ ನೀವು ಸವೀಬೇಕ್ರಿ, ಇವು ಸವಿಯಾಂಗಿಲ್ಲ" ಎಂದ ಮಿಸ್ತ್ರಿ. ಬಾಳಿಕೆಯ ಬಗ್ಗೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕೆಂದು ನನಗೆ ಅನ್ನಿಸಲಿಲ್ಲ. ನಾಲ್ಕಕ್ಕೂ ಬೆಳ್ಳಿಬಣ್ಣ ಹೊಡೆಸಿ, ನೇರವಾಗಿ ಹೆಂಡತಿ ಶಾಂತಾಳ ತವರಾದ ಯರಗುಪ್ಪಿಗೆ ಮೆರೆಸಲು ಒಯ್ದೆ.

ಅಲ್ಲಿ ಶಾಂತಾಳ ತಮ್ಮ ಚೆನ್ನಪ್ಪ, ಊಟಕ್ಕೆ ಬಂದ ಬೀಗರೆಲ್ಲ ನೋಡುತ್ತಿದ್ದಂತೆ, ಜೀಪನ್ನು ಒಂದು ಸುತ್ತು ಹಾಕಿ, ಗಾಲಿಯನ್ನು ಪಾದದಿಂದ ಮೆಲ್ಲಗೆ ಒದ್ದು ನೋಡಿ, ಒಳಗೆ ಎಲ್ಲರೂ ಊಟಕ್ಕೆ ಕೂತ ಮೇಲೆ ಹೇಳಿದ: "ಮಾವಾರ, ಗಾಲಿ ಅಗದಿ ಚಲೋ ಅದಾವ್ರಿ. ಇನ್ನ ಇವಕ್ಕೊಂದು ಜೀಪ್ ತಗೋರಿ." ಪಡಸಾಲೆಯೆಲ್ಲ ಹೋ ಎಂದು ನಕ್ಕಿತು. ನಗಬೇಕಾದ ಮಾತೇ, ಈಗ ನನಗೂ ನಗೆ ಬರುತ್ತದೆ. ಅಂದು ಮಾತ್ರ ಎಲೆಯ ಮೇಲಿನ ಹೋಳಿಗೆ ಬಿಟ್ಟು ಎದ್ದೆ. ಅದೂ ತುಪ್ಪ ಹಾಕಿದ ಮೇಲೆ! ಕೋಪದಲ್ಲೂ ಒಂದು ವಿವೇಕ ಇರಬೇಕು ನೋಡಿ.

ಅಲ್ಲಿಗೆ ಎರಡೂ ಮನೆಗಳ ನಡುವೆ ಹೋಗಿಬರುವುದು ನಿಂತಿತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ; ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಅಕ್ಕತಂಗಿಯರು ತವರಿಗೆ ಹೋಗಬೇಕು, ಮಣ್ಣಿನ ನಾಗಪ್ಪನಿಗೆ ಹಾಲೆರೆದು ಜೋಕಾಲಿ ಜೀಕಬೇಕು. ಅಕ್ಕನ ಗಂಡನಾದ ಮಾವ ಮುಖ ಕೊಟ್ಟು ಮಾತಾಡದ ಮನೆಗೆ ಕರೆಯಲು ಹೇಗೆ ಬರುವುದೆಂದು ಚೆನ್ನಪ್ಪ ಬರಲಿಲ್ಲ. ಕರೆಯಲು ಬರದವನ ಮನೆಗೆ ಹೇಗೆ ಕಳಿಸುವುದೆಂದು ನಾನು ಕಳಿಸಲಿಲ್ಲ. ಹೀಗೆ ಎರಡು ಪಂಚಮಿ ಹೋದವು. ಓಣಿಯ ಹೆಂಗಸರೆಲ್ಲ ಉಂಡಿ ಕಟ್ಟಿಕೊಂಡು ಬಸ್ಸು ಹತ್ತುವುದನ್ನು ಶಾಂತಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. "ಹೋಗ್ಲಿ ಬಿಡ, ತಾನ ಕೂಡ್ತದ" ಎಂದು ನಾನು ನನ್ನ ಸಿದ್ಧಾಂತದಿಂದಲೇ ಅವಳಿಗೆ ಸಮಾಧಾನ ಹೇಳುತ್ತಿದ್ದೆ.

ಎರಡನೆಯ ಪಂಚಮಿ ಕಳೆದು ಬಂದ ಬೇಸಿಗೆಯಲ್ಲಿ ಜೀಪು ತೊಳೆಯುವಾಗ ಮುಂದಿನ ಎಡಗಾಲಿಯಲ್ಲಿ, ನಟ್ಟಿನ ಒಂದು ತೂತಿನಿಂದ ಇನ್ನೊಂದು ತೂತಿಗೆ, ಕೂದಲೆಳೆಯಂಥ ಒಂದು ಗೆರೆ ಕಂಡಿತು. ಬೇರೆ ಯಾರಾದರೂ ಗ್ಯಾರೇಜಿಗೆ ಓಡುತ್ತಿದ್ದರು. ನಾನು ಎರಿ ಸೀಮೆಯ ಮಗ, ಆಕಾಶ ನೋಡಿದೆ. ರೋಹಿಣಿ ಮಳೆ ಬಿತ್ತು, ಹೊಲದಲ್ಲಿ ಜೀಪು ಓಡಿಸಿ ಬಂದು ನೋಡುತ್ತೇನೆ, ಗೆರೆ ಮಾಯ! ಕೆಸರು ಹೊಕ್ಕು ಒಣಗಿ ಕೂತಿತ್ತು ಎಂಬುದು ಯಾರಿಗಾದರೂ ಹೊಳೆಯುವ ವಿಷಯ, ನನಗೆ ಹೊಳೆಯಲಿಲ್ಲ. ಮೇಲೆ ಇನ್ನೊಂದು ಸಲ ಬೆಳ್ಳಿಬಣ್ಣ ಬಳಿದು ಶಾಂತಾಳನ್ನು ಕರೆದು ತೋರಿಸಿದೆ. ಅವಳು ಗಾಲಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಕೂಡೇದೋ, ಮೆತ್ತೇದೋ?" ಎಂದು ಕೇಳಿ ಒಳಗೆ ಹೋದಳು.

ಆ ಶ್ರಾವಣದಲ್ಲಿ ಚೆನ್ನಪ್ಪ ಹೇಳಿಕಳಿಸಿದ: ಪಂಚಮಿಗೆ ಅಕ್ಕನನ್ನು ಕರೆಯಲು ಬಂಡಿ ಕಟ್ಟಿಕೊಂಡು ಬರುತ್ತೇನೆ. ಅವಳ ಮುಖ ಅರಳಿದ್ದನ್ನು ನೋಡಿ ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆದರೆ ಸಂತೋಷದ ಬೆನ್ನಿಗೇ ಹಳೆಯ ಹಟವೂ ಎದ್ದಿತು. ಬಂಡಿ ಬೇಡ, ಅದೇ ಗಾಲಿಯ ಮೇಲೆ ನಾನೇ ಕರೆತರುತ್ತೇನೆ ಎಂದು ತಿರುಗಿ ಹೇಳಿಕಳಿಸಿದೆ. ಶಾಂತಾ ಬಸ್ಸಿಗೆ ಹೋಗೂಣು ಎಂದಳು, ಕೇಳಲಿಲ್ಲ. ಉಂಡಿಯ ಡಬ್ಬಿಗಳಿಗೆ ಜಾಗ ಬೇಕೆಂದು ಸ್ಟೆಪ್ನಿಯನ್ನು ಮನೆಯಲ್ಲಿ ಇಳಿಸಿದೆ. ಹಾಲೆರೆಯುವ ತನಕ ಬಾಯಿಗೆ ಏನೂ ಹಾಕದ ಉಪವಾಸ ಅವಳದು. ನನ್ನದು ಎರಡು ತಟ್ಟೆ ಅವಲಕ್ಕಿಯ ಉಪವಾಸ. ಯರಗುಪ್ಪಿ ಸಮೀಪಿಸಿದಾಗ ಡಾಂಬರು ಬಿಟ್ಟು ಹೊಲದ ಹಾದಿಗೆ ತಿರುಗಿಸಿದೆ. ಡಾಂಬರಿನ ಮೇಲೆ ಹೋಗಲು ಅಗಲ ಗಾಲಿ ಯಾಕೆ ಬೇಕು?

ಬಂಡಿಜಾಡಿನ ಒಂದು ತಗ್ಗಿನಲ್ಲಿ ಕಟ್ ಎಂದಿತು. ಜೀಪು ಎಡಕ್ಕೆ ಕುಸಿದು ಮಣ್ಣಿಗೆ ಮೂಗು ಒತ್ತಿತು. ಗಾಲಿಯ ನಡುಭಾಗ ನಟ್ಟಿನ ಸಮೇತ ಅಲ್ಲೇ ಉಳಿದು, ಉಳಿದ ಬಳೆ ಟಾಯರನ್ನು ಕಟ್ಟಿಕೊಂಡು, ನಮಗಿಂತ ತನಗೇ ತವರಿನ ಅವಸರ ಹೆಚ್ಚೆಂಬಂತೆ ಹೆಸರಿನ ಹೊಲದಲ್ಲಿ ಉರುಳುತ್ತ ಹೋಗಿ ಅಡ್ಡಬಿತ್ತು. ಮೈಗೆ ಏನೂ ಆಗಲಿಲ್ಲ. ಮಾನದ ವಿಷಯ ಬೇರೆ. ಶಾಂತಾ ಇಳಿದು, ಕೆಸರಿನಲ್ಲಿ ಕಿತ್ತುಬಂದ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಡಬ್ಬಿಯನ್ನು ಎದೆಗವುಚಿಕೊಂಡು ನಿಂತಳು. ಬಿಸಿಲು ನೆತ್ತಿಗೇರುತ್ತಿತ್ತು. "ತಮ್ಮಂದು ನಿಮ್ದು ತಾನ ಕೂಡ್ತದ ಅಂದ್ರಿ. ಗಾಲಿನೂ ತಾನ ಕೂಡ್ತದ ಅಂದ್ರಿ. ಎರಡು ವರ್ಷ ಬಾಯಿ ಮುಚ್ಕೊಂಡು ಕುಂತೆ. ಇವತ್ತೂ ನಾ ಹಾಲು ಎರೀದ ಹೋದ್ರ ಏನ್ ಹೇಳ್ತೀರಿ?" ಅವಳ ಕಣ್ಣು ತುಂಬಿತ್ತು. ಇತಿಹಾಸದ ಎಲ್ಲ ಸೋಲುಗಳನ್ನೂ ಕಾರಣಸಹಿತ ವಿವರಿಸಬಲ್ಲ ನಾನು ಅವಳು ಬಿಟ್ಟ ಚಪ್ಪಲಿಯನ್ನು ಎತ್ತಿ ಕೆಸರು ಒರೆಸತೊಡಗಿದೆ. ಆ ಕ್ಷಣ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಡಬ್ಬಿ ಹೊತ್ತು ನಡೆಯಲು ಹೊರಟವರಿಗೆ ಎದುರಿಗೆ ಎತ್ತಿನ ಗೆಜ್ಜೆ ಕೇಳಿಸಿತು. ಹೊತ್ತಾದರೂ ಅಕ್ಕ ಬರಲಿಲ್ಲವೆಂದು ಚೆನ್ನಪ್ಪ ಬಂಡಿ ಹೂಡಿಯೇ ಬಿಟ್ಟಿದ್ದ. ನಕ್ಕರೆ ಏನನ್ನಬೇಕೆಂದು ನಾನು ಮನಸ್ಸಿನಲ್ಲೇ ಸಜ್ಜಾದೆ. ಅವನು ನಗಲಿಲ್ಲ. ಅಕ್ಕನನ್ನು ಹತ್ತಿಸಿ, ಹೊಲಕ್ಕಿಳಿದು, ಆ ಮುರುಕು ಗಾಲಿಯನ್ನೂ ಎತ್ತಿ ತಂದು ನನ್ನ ಪಕ್ಕದಲ್ಲಿಟ್ಟ. "ಇದ್ಯಾಕೋ ತಮ್ಮಾ?" ಎಂದಳು ಶಾಂತಾ. "ಇದನ್ನ ಬಿಟ್ಟು ಹೋದ್ರ ಮಾವಾರು ಮತ್ತ ಎರಡು ವರ್ಷ ಬರಾಂಗಿಲ್ಲ ಬೇ" ಎಂದು ಎತ್ತು ಹೊಡೆದ.

ಮನೆಯಲ್ಲಿ ಹಾಲು ಕಾದಿತ್ತು. ನಮ್ಮಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಎರೆಯುವುದು ರೂಢಿ. ಅವ್ವನ ಪಾಲು, ಅಪ್ಪನ ಪಾಲು, ತಮ್ಮನ ಪಾಲು ಎಂದು ಶಾಂತಾ ಎರೆದಳು. ಚೆನ್ನಪ್ಪ ಅಕ್ಕನ ಪಾಲು ಎರೆದು, ನನ್ನ ಕಡೆ ನೋಡದೆ, "ಮಾವಾರ ಪಾಲು" ಎಂದ. ಅವನ ಹೆಂಡತಿ ಸೆರಗಿನ ಮರೆಯಲ್ಲಿ ನಕ್ಕು, "ಅಣ್ಣಾರ, ನೀವು ಬರಲಾರದ ಎರಡೂ ವರ್ಷ ನಿಮ್ಮ ಪಾಲು ತಪ್ಪಿಸಿಲ್ರಿ ಇವ್ರು" ಎಂದಳು. ಚೆನ್ನಪ್ಪ ಕಿವಿಯವರೆಗೂ ಕೆಂಪಾಗಿ, "ಹಾಲು ಉಳದಿದ್ದ್ವು, ಎರದೆ" ಎಂದು ಗೊಣಗಿದ.

ನೆಲದ ಬಿರುಕೂ ತಾನಾಗಿ ಕೂಡುವುದಿಲ್ಲ, ಮಳೆಯೆಂಬುದೊಂದು ಬೀಳಬೇಕು ಎಂಬ ಸಾಮಾನ್ಯ ಸಂಗತಿ ನನಗೆ ತಿಳಿದದ್ದು ಅಂದು. ನಾನು ಸಿದ್ಧಾಂತ ಹೇಳುತ್ತ ಕೂತಿದ್ದಾಗ ಯಾರೋ ಸುಮ್ಮನೆ ಹಾಲು ಎರೆಯುತ್ತಿದ್ದರು. ಜೀಪಿಗೆ ಮತ್ತೆ ಹಳೆಯ ಸಪೂರ ಗಾಲಿಗಳೇ ಬಂದಿವೆ. ಹೂತಾಗ ಮರ್ಯಾದೆಯಿಂದ ಎತ್ತು ಕಟ್ಟಿಸುತ್ತೇನೆ.

ಈ ಸಲದ ಪಂಚಮಿಗೆ ಅಕ್ಕನನ್ನು ಕರೆಯಲು ಬಂದ ಚೆನ್ನಪ್ಪ, ಊಟಕ್ಕೆ ಕೂತವನು, ತಿಥಿ ನೋಡಲು ಎದ್ದು ಮೂಲೆಗೆ ಹೋಗಿ, ಕ್ಯಾಲೆಂಡರನ್ನು ಎತ್ತಿ ಹಿಂದಿದ್ದ ಬಿರುಕನ್ನು ಬಹಳ ಹೊತ್ತು ನೋಡಿದ. "ಮಾವಾರ, ಕ್ಯಾಲೆಂಡರ ಅಗದಿ ಚಲೋ ಅದರಿ. ಇನ್ನ ಇದಕ್ಕೊಂದು ಗ್ವಾಡಿ ಕಟ್ಟಸ್ರಿ." ಎಲ್ಲರಿಗಿಂತ ಮೊದಲು ನಾನೇ ನಕ್ಕೆ. ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಲು ಶಾಂತಾಳಿಗೆ ಹೇಳಿ, ಕ್ಯಾಲೆಂಡರನ್ನು ತಂದು ಗೋಡೆಯ ನಟ್ಟನಡುವೆ ತೂಗುಹಾಕಿದೆ.